ಮೂಳೆಗೆ ಆತುರ ತಿಳಿಯದು

ಡಿಸೆಂಬರ್ ಬಂತೆಂದರೆ, ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಎರಡು-ಮೂರು ವಾರಗಳ ರಜೆಯ ಮೇಲೆ ಊರಿಗೆ ಬರುತ್ತಾರೆ. ಬಂದವರಲ್ಲಿ ಕೆಲವರು ಈ ಮೇಷ್ಟ್ರ ಮನೆಗೂ ಬಂದು, ಕಾಫಿ ಕುಡಿದು, ಕ್ಷೇಮಸಮಾಚಾರ ಹೇಳಿ ಹೋಗುವುದು ನನ್ನ ನಿವೃತ್ತ ಜೀವನದ ದೊಡ್ಡ ಸಂತೋಷಗಳಲ್ಲಿ ಒಂದು. ಆ ಮಾತುಕತೆಯ ನಡುವೆ ರಜೆಯಲ್ಲಿ ಮುಗಿಸಬೇಕಾದ ಕೆಲಸಗಳ ಪಟ್ಟಿಯೂ ಕಿವಿಗೆ ಬೀಳುತ್ತದೆ: ಸೈಟಿನ ಖಾತೆ, ಬ್ಯಾಂಕಿನ ಕೆಲಸ, ಮನೆದೇವರ ದರ್ಶನ, ಒಂದೆರಡು ಮದುವೆ, ಇತ್ತೀಚಿನ ವರ್ಷಗಳಲ್ಲಿ ತಪ್ಪದೆ ‘ಅಪ್ಪನ ಹಲ್ಲು’ ಅಥವಾ ‘ಅಮ್ಮನ ಹಲ್ಲು’. “ಸಾರ್, ಹೇಗೂ ನಾನು ಇಲ್ಲೇ ಇರ್ತೀನಲ್ಲ, ಈ ಎರಡು ವಾರದಲ್ಲಿ ಇಂಪ್ಲಾಂಟ್ ಹಾಕಿಸಿ ಮುಗಿಸಿಬಿಡ್ತೀನಿ” ಎನ್ನುತ್ತಾರೆ.

ಆ ಪಟ್ಟಿಯಿಂದ ಈ ಕೊನೆಯ ಕೆಲಸವನ್ನು ತೆಗೆದುಹಾಕಿ ಎಂದು ಹೇಳುವುದಕ್ಕಾಗಿಯೇ ಈ ಬರಹ. ಹಲ್ಲು ಹಾಕಿಸಬೇಡಿ ಎನ್ನುತ್ತಿಲ್ಲ. ಎರಡು ವಾರದಲ್ಲಿ ‘ಮುಗಿಸ’ಬೇಡಿ ಎನ್ನುತ್ತಿದ್ದೇನೆ. ಇಂಪ್ಲಾಂಟಿನ ಮೇಲೆ ನನಗೆ ದ್ವೇಷವಿಲ್ಲ. ನನ್ನ ಕೆಳದವಡೆಯಲ್ಲಿಯೇ ಅಂಥದೊಂದು ಇದೆ. ಅದರಿಂದಲೇ ಇಂದು ಬೆಳಿಗ್ಗೆಯೂ ನಿಪ್ಪಟ್ಟು ತಿಂದಿದ್ದೇನೆ. ನನ್ನ ಜಗಳವಿರುವುದು ಎರಡರ ಮೇಲೆ: ಮೂಳೆ ಮಾಡಬೇಕಾದ ಕೆಲಸವನ್ನು ದಿನಗಳ ಲೆಕ್ಕದಲ್ಲಿ ಮಾರುವ ವ್ಯಾಪಾರದ ಮೇಲೆ, ಮತ್ತು ಆ ವ್ಯಾಪಾರಕ್ಕೆ ‘ರಜೆ ಇಲ್ಲ’ ಎಂಬ ಕಾರಣ ಕೊಟ್ಟು ತಲೆಬಾಗುವ ನಮ್ಮ ವಿದ್ಯಾವಂತ ಮಕ್ಕಳ ಮೇಲೆ.

ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ನೋಡೋಣ. 1952ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಪೇರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬ ಸಂಶೋಧಕರು ಹಲ್ಲಿನ ಯೋಚನೆಯನ್ನೇ ಮಾಡಿರಲಿಲ್ಲ. ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿಯಲು, ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಲೋಹದ ಸಣ್ಣ ವೀಕ್ಷಣಾ ಕೋಶವನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ದುಬಾರಿಯಾದ ಆ ಕೋಶವನ್ನು ಮರಳಿ ತೆಗೆಯಹೋದರೆ ಅದು ಬರಲೊಲ್ಲದು. ಮೂಳೆ ಲೋಹವನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಗಾಳಿಗೆ ತೆರೆದುಕೊಂಡ ಕೂಡಲೆ ಟೈಟಾನಿಯಂ ಮೇಲೆ ಅತಿ ತೆಳುವಾದ, ಗಟ್ಟಿಯಾದ ಆಕ್ಸೈಡ್ ಪದರ ಹರಡಿಕೊಳ್ಳುತ್ತದೆ. ಅದನ್ನು ದೇಹ ಹೊರಗಿನ ಶತ್ರುವೆಂದು ದೂರ ತಳ್ಳುವುದಿಲ್ಲ. ಈ ಬೆಸುಗೆಯನ್ನು ಅರಿತ ಬ್ರೊನೆಮಾರ್ಕ್ ಅದನ್ನು ಮನುಷ್ಯನ ಬಾಯಿಗೆ ತಂದದ್ದು ಯಾವಾಗ? 1965ರಲ್ಲಿ, ಎಂದರೆ ಹದಿಮೂರು ವರ್ಷಗಳ ನಂತರ! ಹುಟ್ಟಿನಿಂದಲೇ ದವಡೆಯ ದೋಷವಿದ್ದ ಯೋಸ್ಟಾ ಲಾರ್ಸನ್ ಎಂಬಾತನಿಗೆ ಗೋಥೆನ್‌ಬರ್ಗ್ ನಗರದಲ್ಲಿ ಕೆಳದವಡೆಗೆ ನಾಲ್ಕು ಇಂಪ್ಲಾಂಟುಗಳನ್ನು ಹಾಕಿದರು. 2006ರಲ್ಲಿ ಆತ ತೀರಿಕೊಳ್ಳುವವರೆಗೆ, ನಲವತ್ತು ವರ್ಷಕ್ಕೂ ಮೀರಿ ಅವು ಆತನಿಗೆ ಸೇವೆ ಸಲ್ಲಿಸಿದವು. ಜಗತ್ತಿನ ದಂತವೈದ್ಯರು ಈ ಪದ್ಧತಿಯನ್ನು ವ್ಯಾಪಕವಾಗಿ ಒಪ್ಪತೊಡಗಿದ್ದು 1982ರ ಟೊರಾಂಟೊ ಸಮ್ಮೇಳನದ ನಂತರ. ಕಂಡುಹಿಡಿದವರು ಇಷ್ಟು ಕಾಲ ಕಾದರು; ಹಾಕಿಸಿಕೊಳ್ಳುವ ನಮಗೆ ನಾಲ್ಕು ತಿಂಗಳು ಕಾಯುವುದು ಹೊರೆಯಾಗಿದೆ.

ಇನ್ನು, ಇಂಪ್ಲಾಂಟ್ ಹಾಕುವುದೆಂದರೆ ಏನು? ಗೋಡೆಗೆ ಮೊಳೆ ಹೊಡೆದಂತೆ ಎಂದು ಬಹಳ ಜನ ತಿಳಿದಿದ್ದಾರೆ. ಗೋಡೆ ಸತ್ತ ವಸ್ತು, ದವಡೆ ಜೀವಂತ. ಆದ್ದರಿಂದ ಕೆಲಸ ಡ್ರಿಲ್ಲಿನಿಂದ ಆರಂಭವಾಗುವುದಿಲ್ಲ, ವಿಚಾರಣೆಯಿಂದ ಆರಂಭವಾಗುತ್ತದೆ. ವಸಡಿನ ರೋಗವಿದೆಯೇ? ಇದ್ದರೆ ಮೊದಲು ಅದರ ಚಿಕಿತ್ಸೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಅಂದಂದಿನ ಸಕ್ಕರೆಯಷ್ಟೇ ಅಲ್ಲ, ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಎಷ್ಟಿದೆ? ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸವುಂಟೇ? ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ? ಮೂಳೆ ಸವಕಳಿಗೆಂದು ಅಲೆಂಡ್ರೋನೇಟ್ ಮಾತ್ರೆಯನ್ನೋ ಜೊಲೆಡ್ರೋನಿಕ್ ಆಮ್ಲದ ಚುಚ್ಚುಮದ್ದನ್ನೋ ತೆಗೆದುಕೊಂಡಿದ್ದಾರೆಯೇ? ಈ ಕೊನೆಯ ಪ್ರಶ್ನೆ ನಮ್ಮ ವಯಸ್ಸಿನ ಹೆಂಗಸರ ವಿಷಯದಲ್ಲಿ ಬಹುಮುಖ್ಯ. ಅಂಥ ಔಷಧ ಪಡೆದವರಲ್ಲಿ ದವಡೆಯ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯ, ಅಪರೂಪವಾದರೂ, ಇದೆ. ಅಮ್ಮ ಯಾವ ಮಾತ್ರೆ ನುಂಗುತ್ತಾರೆ ಎಂಬುದು ಅಮೆರಿಕದಿಂದ ಮೊನ್ನೆ ಬಂದಿಳಿದ ಮಗನಿಗೆ ಗೊತ್ತಿರುತ್ತದೆಯೇ?

ಆಮೇಲೆ ಸಿ.ಬಿ.ಸಿ.ಟಿ. ಎಂಬ ಮೂರು ಆಯಾಮಗಳ ಕ್ಷ-ಕಿರಣ ಚಿತ್ರ. ಮೂಳೆಯ ಎತ್ತರವೆಷ್ಟು, ಅಗಲವೆಷ್ಟು ಎಂದು ಅದರಲ್ಲಿ ಅಳೆಯುತ್ತಾರೆ. ಕೆಳದವಡೆಯೊಳಗೆ ತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನ ಕೊಡುವ ನರವೊಂದು ಕಾಲುವೆಯಲ್ಲಿ ಸಾಗುತ್ತದೆ. ಅದರಿಂದ ಕನಿಷ್ಠ ಸುಮಾರು 2 ಮಿಲಿಮೀಟರ್ ದೂರ ಉಳಿಯಬೇಕೆಂಬುದು ರೂಢಿಯ ನಿಯಮ. ನರಕ್ಕೆ ಪೆಟ್ಟಾದರೆ ಕೆಳತುಟಿ ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿ ಜೋಮು ಹಿಡಿದಂತಿರುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ಮೂಳೆಯ ಮೇಲೆಯೇ ಸೈನಸ್ ಎಂಬ ಗಾಳಿಯ ಕೋಣೆ ಇರುತ್ತದೆ. ಹಲ್ಲು ಬಿದ್ದು ಬಹುಕಾಲವಾಗಿದ್ದರೆ ಮೂಳೆ ಕರಗಿರುತ್ತದೆ; ಆಗ ಮೂಳೆಯ ಕಸಿಯೇ ಬೇಕಾದೀತು, ಅದು ಮಾಯಲು ಬೇರೆಯೇ ತಿಂಗಳುಗಳು ಬೇಕಾದೀತು.

ಇಷ್ಟಾದ ಮೇಲೆ ಶಸ್ತ್ರಚಿಕಿತ್ಸೆ. ಹಲ್ಲು ಕೀಳುವಾಗ ಕೊಡುವಂಥ ಸ್ಥಳೀಯ ಅರಿವಳಿಕೆಯೇ ಸಾಮಾನ್ಯವಾಗಿ ಸಾಕು. ವಸಡನ್ನು ಸ್ವಲ್ಪ ಕೊಯ್ದು ಸರಿಸಿ, ಮೊದಲು ಸುಮಾರು 2 ಮಿಲಿಮೀಟರ್ ಅಗಲದ ರಂಧ್ರ ಕೊರೆಯುತ್ತಾರೆ. ಬಳಿಕ ಒಂದಕ್ಕಿಂತ ಒಂದು ದಪ್ಪನೆಯ ಡ್ರಿಲ್ಲುಗಳಿಂದ ಅದನ್ನು ಹಂತಹಂತವಾಗಿ ಹಿಗ್ಗಿಸುತ್ತಾರೆ. ಉದ್ದಕ್ಕೂ ಸಲೈನ್ ನೀರು ಹಾಯಿಸುತ್ತಲೇ ಇರಬೇಕು. ಏಕೆಂದರೆ ಮೂಳೆಯ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಒಂದು ನಿಮಿಷ ನಿಂತರೂ ಸಾಕು, ಅಲ್ಲಿನ ಜೀವಕೋಶಗಳಿಗೆ ಹಾನಿಯಾಗುತ್ತದೆ; 1983ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನಮ್ಮ ದೇಹದ ಸಹಜ ಉಷ್ಣತೆ 37. ನಡುವೆ ಇರುವುದು ಹತ್ತೇ ಡಿಗ್ರಿ! ಅವಸರದ ಕೈಗೂ ಸಾವಧಾನದ ಕೈಗೂ ಇರುವ ಅಂತರ ಅಷ್ಟು ಕಿರಿದು. ಕೊನೆಗೆ ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಆಸುಪಾಸು ಉದ್ದವಿರುವ ಟೈಟಾನಿಯಂ ತಿರುಪನ್ನು ನಿಧಾನವಾಗಿ ತಿರುಗಿಸಿ ಕೂರಿಸಿ, ಮೇಲೊಂದು ಸಣ್ಣ ಮುಚ್ಚಳ ಹಾಕಿ, ವಸಡಿಗೆ ಹೊಲಿಗೆ ಹಾಕುತ್ತಾರೆ. ಸರಳ ಪ್ರಕರಣದಲ್ಲಿ ಇದೆಲ್ಲ ಒಂದು ಗಂಟೆಯ ಒಳಗೇ ಮುಗಿಯುತ್ತದೆ.

ಈ ಒಂದು ಗಂಟೆಯನ್ನೇ ಜಾಹೀರಾತು ಹಿಡಿದುಕೊಂಡಿರುವುದು. ಆದರೆ ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿಯವರೆಗೆ ನಡೆದದ್ದು ವೈದ್ಯರ ಕೆಲಸ. ಮೂಳೆಯ ಕೆಲಸ ಈಗಷ್ಟೇ ಆರಂಭವಾಗಿದೆ.

ತಿರುಪು ಕೂರಿಸಿದ ದಿನ ಅದು ಗಟ್ಟಿಯಾಗಿಯೇ ನಿಂತಿರುತ್ತದೆ. ಅದು ಮರಕ್ಕೆ ಸ್ಕ್ರೂ ಬಿಗಿದಂಥ ಗಟ್ಟಿತನ, ಕೇವಲ ಹಿಡಿತದ್ದು. ಮರುದಿನದಿಂದ ದೇಹ, ಪೆಟ್ಟಾದ ಹಳೆಯ ಮೂಳೆಯನ್ನು ಕರಗಿಸತೊಡಗುತ್ತದೆ. ಜೊತೆಗೆ ಹೊಸ ಮೂಳೆಯನ್ನು ಕಟ್ಟತೊಡಗುತ್ತದೆ. ಹಳೆಯದು ಸಡಿಲವಾಗಿ ಹೊಸದು ಇನ್ನೂ ಬಲಿಯದ ನಡುಗಾಲವೊಂದಿದೆ. ಸುಮಾರು ಮೂರನೆಯ-ನಾಲ್ಕನೆಯ ವಾರದಲ್ಲಿ ಇಂಪ್ಲಾಂಟಿನ ಒಟ್ಟು ಸ್ಥಿರತೆ ಮೊದಲ ದಿನಕ್ಕಿಂತ ಕಡಿಮೆಯಾಗಿರುತ್ತದೆ! ಆ ಕಾಲದಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಲುಗಾಡುತ್ತ ಹೋದರೂ, ಮೂಳೆ ಬೆಳೆಯಬೇಕಾದಲ್ಲಿ ಬರಿಯ ನಾರು ಅಂಗಾಂಶ ಬೆಳೆದು ಬೆಸುಗೆಯೇ ಕೂಡುವುದಿಲ್ಲ. ಮಾವಿನ ಕಸಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೊನೆಮಾರ್ಕರ ಮೂಲ ಪದ್ಧತಿಯಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ವಿಶ್ರಾಂತಿ ಇತ್ತು. ಇಂದಿನ ಇಂಪ್ಲಾಂಟುಗಳ ಒರಟು ಮೇಲ್ಮೈಯಿಂದಾಗಿ, ಮೂಳೆ ಚೆನ್ನಾಗಿರುವವರಲ್ಲಿ ಆರರಿಂದ ಹನ್ನೆರಡು ವಾರಗಳಿಗೆ ಇಳಿಸುವುದುಂಟು. ಅದಾದ ಮೇಲೆಯೇ ಅಬಟ್‌ಮೆಂಟ್ ಎಂಬ ಕೊಂಡಿಯನ್ನು ಕೂರಿಸಿ, ಅಳತೆ ತೆಗೆದು, ಮೇಲಿನ ಕ್ಯಾಪನ್ನು ಹಾಕುವುದು.

ಈಗ ನಿಮ್ಮ ರಜೆಯ ಪಂಚಾಂಗವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬಂದ ವಾರದಲ್ಲೇ ಇಂಪ್ಲಾಂಟ್ ಹಾಕಿಸುತ್ತೀರಿ. ಎರಡು ವಾರದಲ್ಲಿ ವಿಮಾನ ಹತ್ತುತ್ತೀರಿ. ಬಾಯೊಳಗಿನ ಕೆಲಸ ಅತ್ಯಂತ ದುರ್ಬಲವಾಗಿರುವ ವಾರಗಳಲ್ಲಿಯೇ ಎಪ್ಪತ್ತೈದು ವರ್ಷದ ತಾಯಿ ಮನೆಯಲ್ಲಿ ಒಬ್ಬರೇ. ಮೆತ್ತನೆಯ ಅನ್ನ ಮಾಡಿಕೊಳ್ಳುವವರು ಯಾರು? ಊತ ಬಂದರೆ ಆಟೋ ಕರೆಯುವವರು ಯಾರು?

ಇದು ಬರಿಯ ತರ್ಕವಲ್ಲ. ನನ್ನ ಹತ್ತಿರದ ಬಂಧುವೊಬ್ಬರಿಗೆ ಹೀಗೆಯೇ ಆಯಿತು. ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಊಹಿಸಲೂ ಹೋಗಬೇಡಿ. ಮಗ ಬಂದಿದ್ದ, ಉಳಿದಿದ್ದ ಹಲ್ಲುಗಳನ್ನೆಲ್ಲ ಒಂದೇ ದಿನ ಕಿತ್ತರು, ಇಂಪ್ಲಾಂಟುಗಳನ್ನು ಹಾಕಿದರು, ನಾಲ್ಕನೆಯ ದಿನ ಹೊಳೆಯುವ ಹಲ್ಲುಗಳ ಸಾಲು ಕಟ್ಟಿ ಫೋಟೋ ತೆಗೆದರು. ಮಗ ಹೊರಟುಹೋದ. ಒಂದು ತಿಂಗಳೊಳಗೆ ಎರಡು ಇಂಪ್ಲಾಂಟುಗಳು ಸಡಿಲವಾದವು. ಆಸ್ಪತ್ರೆಗೆ ಫೋನ್ ಮಾಡಿದರೆ “ಗಟ್ಟಿ ಪದಾರ್ಥ ತಿಂದಿರಬೇಕು” ಎಂಬ ಉತ್ತರ. ಆ ತಾಯಿ ಮಗನಿಗೆ ವಿಷಯ ತಿಳಿಸಿದ್ದು ಆರು ವಾರಗಳ ಬಳಿಕ. “ಅಷ್ಟು ದುಡ್ಡು ಸುರಿದಿದ್ದಾನೆ, ನೊಂದುಕೊಳ್ಳುತ್ತಾನೆ” ಎಂದು, ಹೊತ್ತು ಹೊತ್ತಿಗೂ ಗಂಜಿ ಕುಡಿಯುತ್ತ, ನೋವು ನುಂಗಿಕೊಂಡು ಕುಳಿತಿದ್ದರು. ಇಂಥ ಮೌನ ನಿಮ್ಮ ಮನೆಯಲ್ಲೂ ಇದ್ದೀತು ಎಂಬುದೇ ನನ್ನ ಆತಂಕ.

ಈ ವ್ಯಾಪಾರದ ಮುಖವನ್ನು ನಾನೂ ಕಂಡಿದ್ದೇನೆ. ನನ್ನ ಬಾಚಿಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಬೇಕೆಂದು ದೊಡ್ಡ ಫಲಕವಿದ್ದ ದಂತ ಚಿಕಿತ್ಸಾಲಯವೊಂದಕ್ಕೆ ಹೋಗಿದ್ದೆ. ವೈದ್ಯರು ಬಾಯಿ ನೋಡುವ ಮೊದಲೇ ಟೈ ಕಟ್ಟಿದ ತರುಣನೊಬ್ಬ ಬೆಲೆಪಟ್ಟಿ ತೋರಿಸಿದ. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೂರು ದರ್ಜೆ. “ತಿಂಗಳ ಕೊನೆಯವರೆಗೆ ಮಾತ್ರ ರಿಯಾಯಿತಿ ಸಾರ್” ಎಂದ. ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಬೇಕಲ್ಲವೇ ಎಂದರೆ, “ಅದೆಲ್ಲ ಡಾಕ್ಟ್ರು ನೋಡ್ಕೋತಾರೆ ಸಾರ್, ಅಡ್ವಾನ್ಸ್ ಕಟ್ಟಿಬಿಡಿ” ಎಂಬ ಉತ್ತರ. ಸೀರೆ ಅಂಗಡಿಯ ಮಾತು ಅದು. ನಮಸ್ಕಾರ ಹೇಳಿ ಎದ್ದು ಬಂದೆ. ಬಳಿಕ ಬೇರೊಬ್ಬ ದಂತವೈದ್ಯೆಯ ಬಳಿ ಹೋದೆ. ಆಕೆ ಎರಡು ತಿಂಗಳು ನನ್ನ ವಸಡಿಗೆ ಚಿಕಿತ್ಸೆ ನೀಡಿ, ಸಕ್ಕರೆ ಹತೋಟಿಗೆ ಬಂದ ವರದಿ ನೋಡಿ, ಆಮೇಲೆ ತಿರುಪು ಕೂರಿಸಿ, ನಾಲ್ಕನೆಯ ತಿಂಗಳಲ್ಲಿ ಕ್ಯಾಪ್ ಹಾಕಿದರು. ಒಳ್ಳೆಯ ವೈದ್ಯರಿಲ್ಲವೆಂಬುದು ನನ್ನ ವಾದವಲ್ಲ. ಅವರು ಫಲಕ ಹಾಕುವುದು ಕಡಿಮೆ, ಅಷ್ಟೇ.

“ಮೇಷ್ಟ್ರೇ, ವಿಜ್ಞಾನ ಮುಂದುವರಿದಿದೆ, ಈಗ ಅದೇ ದಿನ ಹಲ್ಲು ಕೊಡುತ್ತಾರೆ” ಎಂಬ ಆಕ್ಷೇಪ ಬಂದೇ ಬರುತ್ತದೆ. ನಿಜ, ಕೊಡುತ್ತಾರೆ. ಪೋರ್ಚುಗಲ್ಲಿನ ಪಾಲೊ ಮಾಲೊ ಎಂಬ ವೈದ್ಯರು 1990ರ ದಶಕದಲ್ಲಿ ರೂಪಿಸಿದ, ನಾಲ್ಕು ಇಂಪ್ಲಾಂಟುಗಳ ಮೇಲೆ ಇಡೀ ದವಡೆಯ ಹಲ್ಲುಸಾಲು ನಿಲ್ಲಿಸುವ ಪದ್ಧತಿ ಯೋಗ್ಯರ ಕೈಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಅದಕ್ಕೆ ಷರತ್ತುಗಳಿವೆ. ತಿರುಪು ಮೊದಲ ದಿನವೇ ಸಾಮಾನ್ಯವಾಗಿ 35 ನ್ಯೂಟನ್-ಸೆಂಟಿಮೀಟರಿನಷ್ಟು ಬಿಗಿಯಲ್ಲಿ ಕುಳಿತಿರಬೇಕು; ಇಂಪ್ಲಾಂಟುಗಳು ಒಂದಕ್ಕೊಂದು ಬಿಗಿಯಾಗಿ ಜೋಡಣೆಯಾಗಿರಬೇಕು; ಎರಡು-ಮೂರು ತಿಂಗಳು ಮೆತ್ತನೆಯ ಆಹಾರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂದು ಕೊಡುವುದು ಬಹುತೇಕ ತಾತ್ಕಾಲಿಕ ಹಲ್ಲು. ಕೊನೆಯದು ಮೂಳೆ ಬೆಸೆದ ಮೇಲೆ. ಹಲ್ಲು ಕಟ್ಟುವುದು ಅಂದೇ ಆಗಬಹುದು, ಬೆಸುಗೆಗೆ ಮಾತ್ರ ತಿಂಗಳುಗಳೇ ಬೇಕು. ‘ಮೂರು ದಿನದ ಹಲ್ಲು’ ಎಂದು ಹೇಳುವವರಲ್ಲಿ ಹಲವರು ಬಳಸುವುದು ‘ಬೇಸಲ್’ ಎಂಬ, ಮೂಳೆಯ ಗಟ್ಟಿ ಹೊರಪದರವನ್ನು ಹಿಡಿಯುವ ಒಂದೇ ತುಂಡಿನ ಇಂಪ್ಲಾಂಟು. ಸಾಮಾನ್ಯ ಇಂಪ್ಲಾಂಟುಗಳಿಗೆ ಇರುವಷ್ಟು ದೀರ್ಘಕಾಲದ ಅಧ್ಯಯನದ ಆಧಾರ ಅದಕ್ಕಿಲ್ಲ. ಹಾಕಿಸಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ. ಯಾವ ಬಗೆಯದೆಂದು ತಿಳಿಯದೆ ಬಾಯಿ ತೆರೆಯಬೇಡಿ.

ಎರಡನೆಯ ಆಕ್ಷೇಪ: “ವೈದ್ಯರನ್ನು ಪ್ರಶ್ನಿಸುವುದು ಅವಿಧೇಯತೆಯಲ್ಲವೇ?” ನಮ್ಮ ತಲೆಮಾರಿನವರು “ನಿಮಗೆ ತೋಚಿದ ಹಾಗೆ ಮಾಡಿ ಡಾಕ್ಟ್ರೇ” ಎಂದು ಕೈಮುಗಿದೇ ಬದುಕಿದವರು. ಆದರೆ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಇರುವ ಪರ್ಯಾಯಗಳು, ಗಣನೀಯ ಅಪಾಯಗಳು, ಚಿಕಿತ್ಸೆ ನಿರಾಕರಿಸಿದರೆ ಆಗುವ ಪರಿಣಾಮ – ಇವನ್ನು ರೋಗಿಗೆ ತಿಳಿಯುವಂತೆ ಹೇಳಿದ ಮೇಲೆ ಪಡೆದ ಒಪ್ಪಿಗೆಯೇ ಒಪ್ಪಿಗೆ. ಒಂದು ಚಿಕಿತ್ಸೆಗೆ ಕೊಟ್ಟ ಸಮ್ಮತಿ, ಜೀವಾಪಾಯದಂಥ ತುರ್ತು ಇಲ್ಲದಿರುವಾಗ, ಇನ್ನೊಂದಕ್ಕೆ ಸಲ್ಲುವುದಿಲ್ಲ. ‘ಹೇಗೂ ಅರಿವಳಿಕೆ ಕೊಟ್ಟಿದ್ದೆವು, ಪಕ್ಕದ ಎರಡನ್ನೂ ಕಿತ್ತೆವು’ ಎನ್ನುವುದಕ್ಕೆ ಅಲ್ಲಿ ಎಡೆಯಿಲ್ಲ. ಇನ್ನೊಂದು ಮಾತು: ಸಹಿ ಹಾಕಬೇಕಾದವರು ಬಾಯಿ ಯಾರದೋ ಅವರು, ಹಣ ಕೊಡುವ ಮಗನಲ್ಲ. ಕನ್ನಡ ಮಾತ್ರ ಬಲ್ಲ ತಾಯಿಗೆ ಇಂಗ್ಲಿಷಿನ ಒಪ್ಪಿಗೆಪತ್ರ ಒಡ್ಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ.

ಮೂರನೆಯದು ರಜೆಯ ಪ್ರಶ್ನೆ. ಅದಕ್ಕೂ ದಾರಿಯಿದೆ. ಈ ಬಾರಿ ಬಂದಾಗ ಪರೀಕ್ಷೆ, ವಸಡಿನ ಚಿಕಿತ್ಸೆ, ಚಿತ್ರ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಇಷ್ಟನ್ನು ಮುಗಿಸಿ. ಶಸ್ತ್ರಚಿಕಿತ್ಸೆಯನ್ನು, ಮನೆಯಲ್ಲಿ ಯಾರಾದರೂ ಒಂದು ತಿಂಗಳು ಜೊತೆಗಿರುವ ಕಾಲಕ್ಕೆ ಇಟ್ಟುಕೊಳ್ಳಿ. ಮುಂದಿನ ಬಾರಿ ನೀವು ಬರುವ ಹೊತ್ತಿಗೆ ಕ್ಯಾಪ್ ಹಾಕುವ ಸಮಯವಾಗಿರುತ್ತದೆ. ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ಊರಲ್ಲಿರುವವರೊಬ್ಬರು ಹೊಣೆ ಹೊರಲಿ. ಹಣ ಕಳಿಸುವುದಷ್ಟೇ ಹೊಣೆಯಲ್ಲ.

ಇಂಪ್ಲಾಂಟೇ ಆಗಬೇಕೆಂಬ ಹಟವೂ ಬೇಡ. ಹಲ್ಲಿನ ಸೆಟ್ಟು ಬಡವರ ಪಾಲಿನದೆಂದು ಮೂಗು ಮುರಿಯುವುದನ್ನು ಕೇಳಿದ್ದೇನೆ. ನಮ್ಮ ರಾಜ್ಯ ಸರ್ಕಾರವೇ ಬಡ ಹಿರಿಯರಿಗಾಗಿ ‘ದಂತ ಭಾಗ್ಯ’ ಎಂಬ ಯೋಜನೆ ತಂದು ಸೆಟ್ಟುಗಳನ್ನು ಕೊಡಿಸಿತು; ಅದರಿಂದ ರೊಟ್ಟಿ ತಿನ್ನುವಂತಾದವರು ಎಷ್ಟೋ ಮಂದಿ. ಕೆಳದವಡೆಯ ಸೆಟ್ಟು ಜಾರುವುದು ನಿಜವಾದ ತೊಂದರೆ. ಅದಕ್ಕೂ ಬಾಯಿತುಂಬ ಇಂಪ್ಲಾಂಟು ಬೇಡ. ಎರಡೇ ಇಂಪ್ಲಾಂಟು ಹಾಕಿ ಅವುಗಳ ಮೇಲೆ ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸಬಹುದು. ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಲಿ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದಾರೆ. ಹತ್ತು ಇಂಪ್ಲಾಂಟುಗಳ ಬೆಲೆ ಹೇಳುವವರು ಈ ಎರಡರ ಸುದ್ದಿ ಎತ್ತಿದರೇ ಎಂದು ವಿಚಾರಿಸಿ.

ಉಳಿದಿರುವ ಹಲ್ಲನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು. ನಮ್ಮ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರುಗಳ ತೆಳುವಾದ ಮೆತ್ತೆಯಿದೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೂ ಅದು ಕೂಡಲೆ ಎಚ್ಚರಿಸುತ್ತದೆ. ಇಂಪ್ಲಾಂಟಿಗೆ ಆ ಮೆತ್ತೆಯಿಲ್ಲ. ಅದಕ್ಕೆ ಹುಳುಕು ಹಿಡಿಯದು, ಆದರೆ ಸುತ್ತಲಿನ ವಸಡಿಗೂ ಮೂಳೆಗೂ ರೋಗ ಬರುತ್ತದೆ. ಅದು ಬಹಳ ಸಲ ನೋವಿಲ್ಲದೆಯೇ ಒಳಗೊಳಗೆ ಮೂಳೆ ತಿನ್ನುತ್ತದೆ. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹತ್ತು ವರ್ಷಗಳ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟುಗಳು ಉಳಿದಿರುತ್ತವೆ ಎಂಬುದು ಸತ್ಯ; ದಿನವೂ ಸ್ವಚ್ಛಗೊಳಿಸಿ ವರ್ಷಕ್ಕೆ ಒಂದೆರಡು ಬಾರಿ ತೋರಿಸಿಕೊಳ್ಳಬೇಕೆಂಬುದೂ ಅಷ್ಟೇ ಸತ್ಯ.

ಆದ್ದರಿಂದ ಹಣ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆದುಕೊಳ್ಳಿ:

1. ಈ ಹಲ್ಲನ್ನು ಉಳಿಸಲು ಸಾಧ್ಯವೇ ಇಲ್ಲವೇ?
2. ಬೇರೆ ಪರ್ಯಾಯಗಳೇನು?
3. ಮೂಳೆ ಎಷ್ಟಿದೆ, ಚಿತ್ರದಲ್ಲಿ ತೋರಿಸುವಿರಾ?
4. ಯಾವ ಕಂಪನಿಯ, ಯಾವ ಬಗೆಯ ಇಂಪ್ಲಾಂಟು? ಪೊಟ್ಟಣದ ಮೇಲಿನ ಚೀಟಿಯನ್ನು ನನಗೆ ಕೊಡುವಿರಾ? (ಮುಂದೆ ಬೇರೆ ಊರಿನಲ್ಲಿ ರಿಪೇರಿ ಬಂದರೆ ಆ ಚೀಟಿಯೇ ಆಧಾರ.)
5. ಮೊದಲು ಕೊಡುವ ಹಲ್ಲು ತಾತ್ಕಾಲಿಕವೋ, ಕೊನೆಯದೋ? ಎಷ್ಟು ತಿಂಗಳು ಕಾಯಬೇಕು?
6. ವಿಫಲವಾದರೆ ಯಾರು, ಯಾರ ಖರ್ಚಿನಲ್ಲಿ, ಏನು ಮಾಡುತ್ತೀರಿ?

ಈ ಆರಕ್ಕೆ ಸಾವಧಾನವಾಗಿ ಉತ್ತರಿಸುವವರ ಮುಂದೆ ನಿಶ್ಚಿಂತೆಯಿಂದ ಬಾಯಿ ತೆರೆಯಿರಿ. ಗಡಿಯಾರ ನೋಡುವವರ ಕುರ್ಚಿಯಿಂದ ಇಳಿದು ಬನ್ನಿ.

ನನ್ನಲ್ಲಿ ಓದಿ ದಂತವೈದ್ಯರಾದವರೂ ಇದ್ದಾರೆ. ಅವರ ಬಗ್ಗೆ ನನಗೆ ಹೆಮ್ಮೆ. ಅವರಲ್ಲಿ ಒಂದೇ ಕೋರಿಕೆ. ನಿಮ್ಮ ಚಿಕಿತ್ಸಾಲಯದ ಗೋಡೆಯ ಮೇಲೆ, ರಿಯಾಯಿತಿಯ ಫಲಕ ಇರುವ ಜಾಗದಲ್ಲಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಹೀಗೆ ಬರೆಸಿ: ‘ಇಂಪ್ಲಾಂಟು ಮೂಳೆಯಲ್ಲಿ ಬೆಸೆಯಲು ತಿಂಗಳುಗಳು ಬೇಕು.’ ಇದನ್ನು ಓದಿ ನಾಲ್ಕು ಜನ ಎದ್ದುಹೋದಾರು. ಕುಳಿತವರು ಮಾತ್ರ ನಿಮ್ಮನ್ನು ಕೊನೆಯವರೆಗೂ ನಂಬುತ್ತಾರೆ.